ಅಡವಿಗೆ ಹೋದರೆ ಸಾಕಾ? ಐಹೊಳೆಯ ಗುಹೆ ಕಲಿಸೋ ಪಾಠ

ಐಹೊಳೆಗೆ ಹೋದವರು ದುರ್ಗ ಗುಡಿ, ಲಾಡಖಾನ್ ಗುಡಿ ಮುಂದೆ ಫೋಟೋ ತೆಗೆಸ್ಕೊಂಡು ಬರ್ತಾರೆ. ಕೆಲವರು ಮೇಗುತಿ ಗುಡ್ಡ ಹತ್ತಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ನೋಡ್ತಾರೆ. ಅದೇ ಗುಡ್ಡದ ಬಂಡೆಯಲ್ಲಿ ಕೊರೆದ ಜೈನ ಗುಹೆಗೆ ಹೋಗುವವರು ಕಡಿಮೆ. ಆದರೆ ಅಲ್ಲಿ ಕಲ್ಲಿನಲ್ಲಿ ಒಂದು ಅಡವಿಯೇ ಇದೆ.

ಗುಹೆಯ ಮೊಗಸಾಲೆಯ ಎರಡು ತುದಿಗಳಲ್ಲಿ ಎರಡು ಶಿಲ್ಪಗಳು ಎದುರುಬದುರಾಗಿವೆ. ಒಂದು ಕಡೆ ಪಾರ್ಶ್ವನಾಥ. ಕಮಠ ಎಷ್ಟೇ ಕಾಟ ಕೊಟ್ಟರೂ ಅವನು ಕದಲಲ್ಲ. ಧರಣೇಂದ್ರನ ನಾಗಹೆಡೆ ತಲೆಗೆ ನೆರಳು. ಇನ್ನೊಂದು ಕಡೆ ಬಾಹುಬಲಿ, ಕೈಕಾಲಿಗೆ ಬಳ್ಳಿ ಸುತ್ತಿದೆ. ಶ್ರವಣಬೆಳಗೊಳದ ದೊಡ್ಡ ಮೂರ್ತಿಗಿಂತ ಇದು ಸುಮಾರು 300 ವರ್ಷ ಹಳೆಯದು. ಬಾದಾಮಿಯ ನಾಲ್ಕನೇ ಗುಹೆಯಲ್ಲೂ ಇದೇ ಜೋಡಿ ಇದೆ.

ಬಾಹುಬಲಿ ಅಣ್ಣ ಭರತನನ್ನು ಗೆದ್ದ, ರಾಜ್ಯ ಬಿಟ್ಟ, ಅಡವಿಯಲ್ಲಿ ಒಂದು ವರ್ಷ ನಿಂತ. ಬಳ್ಳಿ ಬೆಳೀತು, ಜ್ಞಾನ ಬರಲಿಲ್ಲ. ಯಾಕೆ? ನಾವು ಹೆಚ್ಚಾಗಿ ಕೇಳಿರೋ ಕಥೆಯ ಪ್ರಕಾರ, "ನಾನು ನಿಂತಿರೋದು ಭರತನ ನೆಲದ ಮೇಲೆ" ಅನ್ನೋ ಮುಳ್ಳು ಮನಸ್ಸಲ್ಲಿ ಉಳಿದಿತ್ತು. ಅರಮನೆ ಬಿಟ್ಟರೂ ಅಭಿಮಾನ ಬಿಟ್ಟಿರಲಿಲ್ಲ.

ಅಡವಿಗೆ ಹೋದರೆ ಸಾಕಾ ಅನ್ನೋ ಇದೇ ಪ್ರಶ್ನೆ ಯೆಹೂದಿಗಳ ಗ್ರಂಥದಲ್ಲೂ ಇದೆ. ಅವರ ತೋರಾದ ನಾಲ್ಕನೇ ಪುಸ್ತಕದ ಹೀಬ್ರೂ ಹೆಸರು 'ಬೆಮಿದ್ಬಾರ್', ಅಂದರೆ 'ಅಡವಿಯಲ್ಲಿ'. ಕನ್ನಡ ಬೈಬಲ್‌ನಲ್ಲಿ ಅದು ಅರಣ್ಯಕಾಂಡ. ಆದರೆ ಅದು ಮಲೆನಾಡಿನ ಥರದ ಕಾಡಲ್ಲ. ಒಣ ನೆಲ, ಕಲ್ಲು, ಕುರುಚಲು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡ ಜನ ಅಲ್ಲಿ 40 ವರ್ಷ ಅಲೆದರು. ಬಿಡುಗಡೆ ಸಿಕ್ಕಿತ್ತು, ಆದರೂ ಈಜಿಪ್ಟಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿ ಅತ್ತರು. ದಿನದಿನಕ್ಕೆ ಸಿಗ್ತಿದ್ದ 'ಮನ್ನಾ' ಆಹಾರವನ್ನು ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳ್ತಿತ್ತು. ಗುಲಾಮಗಿರಿ ಕಾಲಿಂದ ಹೋಗಿತ್ತು, ಮನಸ್ಸಿಂದ ಹೋಗಿರಲಿಲ್ಲ.

ಒಂದು ವ್ಯತ್ಯಾಸ ಇದೆ. ಬಾಹುಬಲಿ ಒಬ್ಬನೇ, ನಿಂತಿದ್ದಾನೆ. ಇಲ್ಲಿ ಇಡೀ ಜನಾಂಗ, ನಡೀತಾ ಇದೆ. ಆದರೆ ಎರಡೂ ಕಡೆ ಅಡವಿ ಮನಸ್ಸನ್ನು ತಾನಾಗೇ ತೊಳೆಯಲ್ಲ. ಒಳಗೆ ಏನು ಉಳಿದಿದೆ ಅಂತ ತೋರಿಸುತ್ತೆ, ಅಷ್ಟೇ.

ಅದಕ್ಕೇ ಇರಬೇಕು, ಊರು ಸೇರಿದ ಮೇಲೂ ಎರಡೂ ಸಮುದಾಯ ಅಡವಿಯನ್ನು ಪ್ರಾರ್ಥನೆಯಲ್ಲಿ ಉಳಿಸಿಕೊಂಡವು. ಯೆಹೂದಿಗಳು ಇವತ್ತಿಗೂ ಬೆಳಿಗ್ಗೆ, ಸಂಜೆ ಹೇಳೋ 'ಶೆಮಾ' ಪ್ರಾರ್ಥನೆಯ ಮೂರೂ ಭಾಗ ಆ ಅಲೆದಾಟದ ಕಾಲದಲ್ಲಿ ಹೇಳಿದ ಮಾತುಗಳು. ಸುಕ್ಕೋತ್ ಹಬ್ಬದಲ್ಲಿ ಏಳು ದಿನ ಸೊಪ್ಪು, ಕೊಂಬೆ ಹೊದಿಸಿದ ಗುಡಿಸಲಲ್ಲಿ ಊಟ ಮಾಡ್ತಾರೆ. ಜೈನರ ಆರು ಆವಶ್ಯಕಗಳಲ್ಲಿ ಒಂದು ಕಾಯೋತ್ಸರ್ಗ, ಅಂದರೆ ದೇಹದ ಮೇಲಿನ ಮಮತೆ ಬಿಡೋದು. ದಿಗಂಬರ ಪದ್ಧತಿಯಲ್ಲಿ 27 ಉಸಿರಿನೊಳಗೆ 9 ಸಲ ಣಮೋಕಾರ ಮಂತ್ರ ನೆನೀತಾರೆ. ಬಾಹುಬಲಿಯ ಒಂದು ವರ್ಷ ಗೃಹಸ್ಥರ ಪಾಲಿಗೆ 27 ಉಸಿರಾಗಿ ಬಂದಿದೆ.

ಸೆಮಿಸ್ಟರ್ ಮುಗಿದ ಮೇಲೆ ಎಲ್ಲಾದ್ರೂ ಬೆಟ್ಟಕ್ಕೆ ಓಡಿ ಹೋದರೆ ಎಲ್ಲ ಸರಿ ಹೋಗುತ್ತೆ ಅಂತ ನಾವು ಅಂದ್ಕೋತೀವಿ. ಹೋಗೋಣ, ತಪ್ಪಿಲ್ಲ. ಆದರೆ ಮಾರ್ಕ್ಸಿನ ಲೆಕ್ಕ, ಗೆಳೆಯನ ಮೇಲಿನ ಸಿಟ್ಟು ಬ್ಯಾಗಿನ ಜೊತೆಗೇ ಬರುತ್ತವೆ. ಐಹೊಳೆಗೆ ಹೋದಾಗ ಆ ಎರಡು ಶಿಲ್ಪಗಳ ನಡುವೆ ಫೋನ್ ಜೇಬಲ್ಲಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ನಮ್ಮ ಮುಳ್ಳು ಯಾವುದು ಅಂತ ಕೇಳ್ಕೊಳ್ಳೋಕೆ 27 ಉಸಿರು ಸಾಕು.