ತೊಗಲಿನ ಪುನಃಸಂಸ್ಕಾರ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಪಾದರಕ್ಷೆಗಳನ್ನು ಹೊಲಿಯುವ ಕಾಯಕದವರು. ಡೋಹರ ಕಕ್ಕಯ್ಯನವರು ತೊಗಲನ್ನು ಹದಮಾಡುವ ಕಾಯಕದವರು. ಇವರೀರ್ವರೂ ಶರಣಗಣದಲ್ಲಿ ಪೂಜ್ಯರಾದರು. ಕಾಯಕವು ಯಾವುದೆಂಬುದರಿಂದಲ್ಲ, ಅದನ್ನು ಎಷ್ಟು ಸತ್ಯಶುದ್ಧವಾಗಿ ಆಚರಿಸಲಾಯಿತೆಂಬುದರಿಂದ ಮನುಷ್ಯನ ಹಿರಿಮೆಯು ನಿರ್ಣಯವಾಗುವುದೆಂದು ಶರಣರು ತೋರಿಸಿಕೊಟ್ಟರು. ಈ ತತ್ತ್ವಕ್ಕೆ ತಲೆಬಾಗುವ ಗೃಹಸ್ಥನು ತನ್ನ ಮನೆಯಲ್ಲಿ ಸವೆದುಹೋದ ತೊಗಲಿನ ವಸ್ತುಗಳನ್ನು ಹೇಗೆ ನೋಡಿಕೊಳ್ಳುವನೆಂಬುದು ವಿಚಾರಾರ್ಹವಾಗಿದೆ.

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಜಾತ್ರೆಯು ಪ್ರತಿವರ್ಷವೂ ಹೋಳಿಹುಣ್ಣಿಮೆಯ ಅನಂತರ ಜರುಗುವುದು. ಅರಳಗುಂಡಗಿಯಲ್ಲಿ ಹುಟ್ಟಿ, ಒಕ್ಕಲುತನದಿಂದ ದುಡಿದುದನ್ನು ದಾಸೋಹಕ್ಕೆ ಸಲ್ಲಿಸಿ, 1822ರಲ್ಲಿ ಲಿಂಗೈಕ್ಯರಾದ ಮಹಾದಾಸೋಹಿಗಳ ಸನ್ನಿಧಿಯದು. ಇಂತಹ ಜಾತ್ರೆಗೆ ಹೊರಡುವ ಹಿಂದಿನ ದಿನ ಅನೇಕರು ಹಳೆಯ ಪಾದರಕ್ಷೆಗೆ, ಎತ್ತಿನ ಕೊರಳಪಟ್ಟಿಗೆ, ಸೊಂಟದ ಪಟ್ಟಿಗೆ ಧೂಳಿನ ಮೇಲೆಯೇ ಕಪ್ಪು ಬಳಿದು ಹೊಸದರಂತೆ ಮಾಡಿಕೊಳ್ಳುವುದುಂಟು. ದೇವಸ್ಥಾನದ ಬಾಗಿಲನ್ನು ಮುಟ್ಟುವಷ್ಟರಲ್ಲಿ ಆ ಬಣ್ಣವು ಧೋತರಕ್ಕೆ ಅಂಟಿರುತ್ತದೆ. ಮಡಿಕೆಗಳಲ್ಲಿ ಬಿರಿದು ಉದುರಿರುತ್ತದೆ. ಇದು ಬಣ್ಣದ ದೋಷವಲ್ಲ, ಕ್ರಮವನ್ನು ಬಿಟ್ಟುದರ ದೋಷ.

ಆ ಕ್ರಮವಾವುದು? ಪ್ರಥಮತಃ ಗೆಜ್ಜೆ, ಕೊಂಡಿಗಳನ್ನು ಬಿಚ್ಚಿ ಒಣ ಕುಂಚದಿಂದ ಧೂಳನ್ನು ತೆಗೆಯತಕ್ಕದ್ದು. ಅನಂತರ ಸ್ವಲ್ಪ ಸಾಬೂನಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಬೆವರಿನ ಉಪ್ಪನ್ನೂ ಜಿಡ್ಡನ್ನೂ ಒರೆಸಬೇಕು. ತೊಗಲನ್ನು ನೀರಿನಲ್ಲಿ ನೆನೆಯಿಡಬಾರದು; ಬಿಸಿಲಿಗೂ ಬೆಂಕಿಗೂ ಒಡ್ಡಬಾರದು. ಒಡ್ಡಿದರೆ ಅದು ಸೆಟೆದು ಸೀಳುವುದು. ನೆರಳೇ ಅದಕ್ಕೆ ಹಿತ. ಹಳೆಯ ಮೇಣವು ಉಳಿದಲ್ಲಿ ಹೊಸ ಬಣ್ಣವು ಒಳಗಿಳಿಯದು. ಆದುದರಿಂದ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ, ದೀಪ-ಒಲೆಗಳಿಗೆ ದೂರವಾಗಿ ಕುಳಿತು, ಅದನ್ನು ಮೆಲ್ಲಗೆ ತೆಗೆಯಬೇಕು. ಹೊಲಿಗೆ ಬಿಟ್ಟಿದ್ದರೆ ಬಣ್ಣಕ್ಕೆ ಮೊದಲೇ ಹೊಲಿಸತಕ್ಕದ್ದು.

ಬಣ್ಣದ ವಿಷಯದಲ್ಲಿ ತೊಗಲಿನ ಜಾತಿಯನ್ನರಿಯುವುದು ಅವಶ್ಯಕ. ತಂಗಡಿ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಹದಗೊಂಡ ತೊಗಲಿಗೆ ಕಬ್ಬಿಣದ ಅಂಶವು ತಗುಲಿದೊಡನೆ ಕಪ್ಪು ಹುಟ್ಟುವುದು. ಅಳಲೆಕಾಯಿಯ ಕಷಾಯವನ್ನು ಸವರಿ, ಆರಿದ ಮೇಲೆ ಅನ್ನಭೇದಿಯ ತಿಳಿನೀರನ್ನು ಸವರುವ ಪದ್ಧತಿಯ ಮರ್ಮವಿದೇ. ಕಪ್ಪು ಬಂದೊಡನೆ ಒದ್ದೆಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಹೆಚ್ಚಾಗಿ ಉಳಿದ ಅನ್ನಭೇದಿಯು ತೊಗಲನ್ನೂ ದಾರವನ್ನೂ ತಿನ್ನುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಕ್ರೋಮ್ ಲವಣದಿಂದ ಹದಗೊಂಡ ತೊಗಲಿನಲ್ಲಿ ಆ ಒಗರಿಲ್ಲ. ಅದಕ್ಕೆ ಅಂಗಡಿಯಲ್ಲಿ ದೊರೆಯುವ ತೊಗಲಿನ ಬಣ್ಣವೇ ಯೋಗ್ಯ. ಯಾವ ಬಣ್ಣವಾದರೂ ಮೊದಲು ಮರೆಯ ಭಾಗದಲ್ಲಿ ಪರೀಕ್ಷಿಸಿ, ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಕಂದಿನ ಮೇಲೆ ಕಪ್ಪು ಏರುವುದು. ಕಪ್ಪಿನ ಮೇಲೆ ಕಂದು ಏರದು.

ಬಣ್ಣವು ಪೂರ್ಣ ಆರಿದ ತರುವಾಯ ಹರಳೆಣ್ಣೆಯನ್ನು ಕೆಲವೇ ಹನಿಗಳಷ್ಟು ತಿಕ್ಕಿ ಒಂದು ರಾತ್ರಿ ಬಿಡಬೇಕು. ಎಣ್ಣೆ ಮಿತಿಮೀರಿದರೆ ತೊಗಲು ಸಡಿಲಾಗಿ ಜೋತುಬೀಳುವುದು. ಕೊನೆಗೆ ಜೇನುಮೇಣವನ್ನು ತೆಳುವಾಗಿ ಲೇಪಿಸಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಹೊಳಪು ತಾನಾಗಿ ಏಳುವುದು.

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದುಂಟು. ಮಡಿಸಿದಾಗ ಬಿರುಕು ಆಳಕ್ಕಿಳಿಯುವ, ಉಗುರಿಗೆ ಪುಡಿಯಾಗಿ ಏಳುವ ತೊಗಲು ಸತ್ವಹೀನವಾದುದು. ಅದಕ್ಕೆ ಬಣ್ಣವು ಬಲವನ್ನು ಕೊಡಲಾರದು. ಬಂಡಿಯ ನೊಗಕ್ಕೆ ಕಟ್ಟುವ ಮಿಣಿಯನ್ನು ಹೀಗೆ ಕಪ್ಪು ಬಳಿದು ಮುಚ್ಚಿಟ್ಟರೆ, ಅದು ಇಳಿಜಾರಿನಲ್ಲಿ ಹರಿದ ದಿನ ಮೂಕಪ್ರಾಣಿಗೂ ಬಂಡಿಯಲ್ಲಿ ಕುಳಿತ ಮಕ್ಕಳಿಗೂ ಅಪಾಯ ತಪ್ಪದು. ಅಂತಹುದನ್ನು ಸಿಂಗರಿಸುವುದು ಮೋಸ, ಬದಲಾಯಿಸುವುದೇ ಧರ್ಮ.

ಒಳಗಿನ ಮಲವನ್ನು ಕಳೆಯದೆ ಮೇಲೆ ವಿಭೂತಿಯನ್ನು ಧರಿಸಿದವನೂ ಧೂಳಿನ ಮೇಲೆ ಬಣ್ಣ ಬಳಿದವನೂ ಒಂದೇ ತಪ್ಪನ್ನು ಮಾಡಿದವರು. ಶುದ್ಧಿಯು ಮೊದಲು, ವರ್ಣವು ಆಮೇಲೆ, ಹೊಳಪು ಕಡೆಯದು.

ಇನ್ನೊಂದು ಮಾತು. ಹರಳಯ್ಯನವರ ಹೆಸರನ್ನು ಕೇಳಿ ಕೈಮುಗಿಯುವವನು, ಬೀದಿಯಂಚಿನಲ್ಲಿ ಉಳಿ-ದಾರಗಳನ್ನು ಹಿಡಿದು ಕುಳಿತವನೊಡನೆ ಎರಡು ರೂಪಾಯಿಗಾಗಿ ಏಕವಚನದಲ್ಲಿ ಜಗಳವಾಡುವುದು ತರವೇ? ಮೇಲೆ ಹೇಳಿದ ಕ್ರಮವೆಲ್ಲವೂ ಆತನ ಬೆರಳುಗಳಿಗೆ ತಿಳಿದಿದೆ. ಆತನಿಗೆ ಸಾಕಷ್ಟು ಸಮಯವನ್ನೂ ನ್ಯಾಯವಾದ ಕೂಲಿಯನ್ನೂ ಗೌರವದ ಮಾತನ್ನೂ ಕೊಡುವುದು ಉಪಕಾರವಲ್ಲ. ಕಾಯಕಕ್ಕೆ ಸಲ್ಲಬೇಕಾದ ಋಣ. ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆಯನ್ನು ಕಳಚಿಡುವ ಭಕ್ತನು ಅದನ್ನು ಹೊಲಿದ ಕೈಯನ್ನೊಮ್ಮೆ ನೆನೆದು ಒಳಗೆ ಹೋದರೆ, ಅವನ ದರ್ಶನವು ಹೊಸ್ತಿಲಿನ ಹೊರಗೇ ಆರಂಭವಾದಂತೆ.