ಮಗನ ಬೇಸ್‌ಬಾಲ್, ಅಪ್ಪನ ಚಿಂತೆ

ಪ್ರಶ್ನೆ: ನಾವು ಹಾಸನದ ಕಡೆಯವರು. ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷವಾಯಿತು. ಮಗ ಹೈಸ್ಕೂಲಿನ 11ನೇ ತರಗತಿಯಲ್ಲಿದ್ದಾನೆ, ಬೇಸ್‌ಬಾಲ್ ತಂಡದ ಪಿಚರ್. ಓದಿನಲ್ಲೂ ಚುರುಕು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡುವ ಆಸೆ. ದಕ್ಷಿಣದ ದೊಡ್ಡ ಡಿವಿಷನ್ 1 ಕಾಲೇಜಿನ ಕೋಚ್ ಒಮ್ಮೆ ಫೋನ್ ಮಾಡಿದ್ದರು. ಪಕ್ಕದ ರಾಜ್ಯದ ಸಣ್ಣ ಡಿವಿಷನ್ 3 ಕಾಲೇಜಿನ ಕೋಚ್ 'ನೀನು ನಮಗೆ ಬೇಕು' ಎನ್ನುತ್ತಿದ್ದಾರೆ, ಆದರೆ ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲವಂತೆ. ನಮ್ಮ ಯಜಮಾನರು 'ಬೇಸ್‌ಬಾಲ್ ಅನ್ನ ಹಾಕುತ್ತದಾ? ನಮ್ಮ ರಾಜ್ಯದ ಯೂನಿವರ್ಸಿಟಿಗೆ ಸೇರಿ ಓದಲಿ' ಎನ್ನುತ್ತಾರೆ. ಅಪ್ಪ ಮಗನ ನಡುವೆ ಮಾತೇ ನಿಂತುಹೋಗಿದೆ. ಕ್ರಿಕೆಟ್ ಬಿಟ್ಟು ಬೇರೆ ಆಟ ಕಂಡವಳಲ್ಲ ನಾನು. ಏನು ಮಾಡಲಿ, ಮೇಡಂ?
– ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ತಂಗಿ, ನಿಮ್ಮ ಯಜಮಾನರ ಭಯಕ್ಕೆ ಕಾರಣವಿದೆ, ಮಗನ ಆಸೆಗೂ ಬೆಲೆಯಿದೆ. ಇಬ್ಬರೂ ಒಂದೇ ಲೆಕ್ಕವನ್ನು ಮುಂದಿಟ್ಟುಕೊಂಡು ಮಾತಾಡಿಲ್ಲ, ತೊಂದರೆ ಇರುವುದು ಅಲ್ಲಿ. ಆ ಲೆಕ್ಕವನ್ನೇ ಮೊದಲು ಹೇಳುತ್ತೇನೆ.

ಅಮೆರಿಕದಲ್ಲಿ ಹೈಸ್ಕೂಲು ಬೇಸ್‌ಬಾಲ್ ಆಡುವ ನೂರು ಹುಡುಗರಲ್ಲಿ ಸುಮಾರು ಏಳೆಂಟು ಮಂದಿ ಮಾತ್ರ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ತಂಡಗಳಿಗೆ ಸೇರುತ್ತಾರೆ. ಅದರ ಅತಿ ಮೇಲಿನ ಹಂತವಾದ ಡಿವಿಷನ್ 1 ತಲುಪುವವರು ಎರಡು ಮೂರು ಮಂದಿ. ಅಲ್ಲಿಗೆ ಹೋದರೂ ಪೂರ್ತಿ ಫೀಸು ಸಿಗುವುದು ಅಪರೂಪ. ಬಹಳ ಕಾಲ ಒಂದು ಡಿವಿಷನ್ 1 ತಂಡಕ್ಕೆ 11.7 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ ಮಾತ್ರ ಇತ್ತು, ಅದನ್ನೇ 27 ಆಟಗಾರರವರೆಗೆ ಹಂಚುತ್ತಿದ್ದರು. 2025ರಲ್ಲಿ ಎನ್‌ಸಿಎಎ ಮೇಲಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ, ಅದರಡಿ ಬಂದ ಕಾಲೇಜುಗಳಿಗೆ ಆ ಮಿತಿ ಹೋಯಿತು. ಬದಲಿಗೆ ತಂಡದಲ್ಲಿ 34 ಆಟಗಾರರು ಮಾತ್ರ ಎಂಬ ಮಿತಿ ಬಂತು. ಎಲ್ಲರಿಗೂ ಪೂರ್ತಿ ಕೊಡುವಷ್ಟು ಹಣ ಎಲ್ಲ ಕಾಲೇಜುಗಳಲ್ಲೂ ಇಲ್ಲ. ಜಾಗ ಕಡಿಮೆಯಾದ ಮೇಲೆ, ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಪಳಗಿದವರನ್ನು ಕರೆದುಕೊಳ್ಳುವ ಕೋಚ್‌ಗಳೂ ಹೆಚ್ಚು. ಹೈಸ್ಕೂಲಿನಿಂದ ನೇರವಾಗಿ ಬರುವ ಹುಡುಗನಿಗೆ ಇದರಿಂದ ದಾರಿ ಇನ್ನಷ್ಟು ಇಕ್ಕಟ್ಟಾಗಿದೆ.

ನಮ್ಮವರು ಈ ಆಟದಲ್ಲಿ ಮೇಲೆ ಬಂದಿಲ್ಲ ಎಂದಲ್ಲ. ಭಾರತೀಯ ಮೂಲದ ತಾಯಿಯ ಮಗ ಕುಮಾರ್ ರಾಕರ್, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪಿಚರ್ ಆಗಿ 2019ರಲ್ಲಿ ಕಾಲೇಜು ವಿಶ್ವ ಸರಣಿ ಗೆದ್ದ ತಂಡದಲ್ಲಿದ್ದವರು. ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವ 2021ರ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಅವರನ್ನು ಆರಿಸಿ, ತೋಳಿನ ಆರೋಗ್ಯದ ಅನುಮಾನದಿಂದ ಕೊನೆಗೆ ಕರಾರು ಮಾಡಿಕೊಳ್ಳಲಿಲ್ಲ. ಮುಂದಿನ ವರ್ಷ ಟೆಕ್ಸಸ್ ರೇಂಜರ್ಸ್ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2024ರಲ್ಲಿ ಮೇಜರ್ ಲೀಗ್ ಪ್ರವೇಶ. ಅಂಥ ಪ್ರತಿಭೆಯ ದಾರಿಯನ್ನೇ ತೋಳಿನ ತೊಂದರೆ ಇಷ್ಟು ತಿರುಗಿಸಿತು. ಪಿಚರ್‌ನ ತಾಯಿ ಇದನ್ನು ತಿಳಿದಿರಬೇಕು.

ಹಾಗಾಗಿ ಮಗನಿಗೆ ಒಂದೇ ಪ್ರಶ್ನೆ ಕೇಳಿ: 'ಮೊದಲ ವರ್ಷವೇ ನಿನ್ನ ತೋಳಿಗೆ ಪೆಟ್ಟಾಗಿ ಮತ್ತೆ ಚೆಂಡು ಎಸೆಯಲು ಆಗದಿದ್ದರೆ, ಆಗಲೂ ಈ ಕಾಲೇಜಿನಲ್ಲಿ ಸಂತೋಷವಾಗಿ ಓದುತ್ತೀಯಾ?' ಅವನು ಹೌದು ಎನ್ನುವ ಕಾಲೇಜುಗಳಷ್ಟೇ ಪಟ್ಟಿಯಲ್ಲಿ ಉಳಿಯಲಿ.

ಡಿವಿಷನ್ 3 ಎಂದರೆ ಮೂರನೇ ದರ್ಜೆ ಎಂದು ತಿಳಿಯಬೇಡಿ. ಎಂಐಟಿ, ಜಾನ್ಸ್ ಹಾಪ್ಕಿನ್ಸ್, ಶಿಕಾಗೋ ವಿಶ್ವವಿದ್ಯಾಲಯಗಳ ಬೇಸ್‌ಬಾಲ್ ತಂಡಗಳು ಆಡುವುದು ಅಲ್ಲೇ. ಆಟಕ್ಕೆಂದು ಹಣ ಕೊಡುವುದಿಲ್ಲ, ನಿಜ. ಆದರೆ ಕುಟುಂಬದ ಆದಾಯ ನೋಡಿ ಕೊಡುವ ನೆರವು ಇದೆ, ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳೂ ಇವೆ. ಬಹುತೇಕ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ, ನಿಮ್ಮ ಆದಾಯ ತುಂಬಿದರೆ ನೀವು ಕೊಡಬೇಕಾದ ಅಂದಾಜು ಹಣ ತೋರಿಸುವ ಕ್ಯಾಲ್ಕ್ಯುಲೇಟರ್ ಇರುತ್ತದೆ. ಯಜಮಾನರ ಕೈಗೆ ಆ ಕೆಲಸ ಕೊಡಿ. ಹಾಸಿಗೆ ಎಷ್ಟಿದೆ ಎಂದು ತಿಳಿದ ಮೇಲೆ ತಾನೇ ಕಾಲು ಚಾಚುವ ಮಾತು?

ಮಗನ ಕೈಗೆ ಬೇರೆ ಕೆಲಸ. ಕೋಚ್‌ಗಳಿಗೆ ಇಮೇಲ್ ಬರೆಯುವುದು, ಫೋನಿನಲ್ಲಿ ಮಾತಾಡುವುದು ಅವನೇ, ನೀವಲ್ಲ. ಕೇಳಬೇಕಾದ್ದು ಇಷ್ಟು: ನನ್ನ ವರ್ಷಕ್ಕೆ ಎಷ್ಟು ಪಿಚರ್‌ಗಳನ್ನು ತೆಗೆದುಕೊಳ್ಳುತ್ತೀರಿ? ತಂಡದಲ್ಲಿ ಇಂಜಿನಿಯರಿಂಗ್ ಓದುವವರು ಎಷ್ಟು ಜನ? ಮಧ್ಯಾಹ್ನದ ಲ್ಯಾಬಿಗೂ ಅಭ್ಯಾಸಕ್ಕೂ ಒಂದೇ ಹೊತ್ತಾದರೆ ಏನು ಮಾಡುತ್ತೀರಿ? ಇದನ್ನು ಕೇಳಲೇಬೇಕು, ಏಕೆಂದರೆ ಡಿವಿಷನ್ 1ರಲ್ಲಿ ಫೆಬ್ರವರಿ ನಡುವಿನಿಂದ ಋತು ಶುರು, ಸುಮಾರು 56 ಪಂದ್ಯ, ವಾರದ ನಡುವೆಯೂ ಪ್ರಯಾಣ. ಅರ್ಜಿ ಹಾಕುವ ಮೊದಲೇ ಅಂಕಪಟ್ಟಿಯನ್ನು ಪ್ರವೇಶ ಕಚೇರಿಗೆ ತೋರಿಸಿ ಅಭಿಪ್ರಾಯ ಕೇಳಬಹುದೇ ಎಂದು ಡಿವಿಷನ್ 3 ಕೋಚ್ ಅವರನ್ನು ವಿಚಾರಿಸಲಿ. ಅನೇಕ ಕಡೆ ಈ ಪದ್ಧತಿ ಇದೆ.

ಇನ್ನೊಂದು ಕೆಲಸವನ್ನು ಮನೆಯಲ್ಲೇ ಕೂತು ಮಾಡಿ. ಪಟ್ಟಿಯಲ್ಲಿರುವ ಪ್ರತಿ ಕಾಲೇಜು ತಂಡದ ಮೂರು ವರ್ಷದ ಹಿಂದಿನ ಆಟಗಾರರ ಪಟ್ಟಿ ತೆಗೆದು, ಆಗ ಮೊದಲ ವರ್ಷದಲ್ಲಿದ್ದವರಲ್ಲಿ ಎಷ್ಟು ಜನ ಇಂದಿಗೂ ಇದ್ದಾರೆ ಎಣಿಸಿ. ಅರ್ಧಕ್ಕಿಂತ ಹೆಚ್ಚು ಮಂದಿ ಬಿಟ್ಟುಹೋಗಿದ್ದರೆ ಕಾರಣ ಕೇಳದೆ ಮುಂದೆ ಹೋಗಬೇಡಿ. ಬಾಯಿಮಾತಿನ ಭರವಸೆ ಯಾರನ್ನೂ ಕಟ್ಟಿಹಾಕುವುದಿಲ್ಲ, ಕೋಚನ್ನೂ ನಿಮ್ಮ ಮಗನನ್ನೂ. ಕರೆತಂದ ಕೋಚ್ ನಾಳೆ ಬೇರೆ ಕೆಲಸಕ್ಕೆ ಹೋಗಬಹುದು. ಬರವಣಿಗೆಯಲ್ಲಿ ಬಂದದ್ದಷ್ಟೇ ಲೆಕ್ಕಕ್ಕೆ.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಒಂದು ಫೋನ್ ಕರೆಯನ್ನು ಆಹ್ವಾನ ಎಂದುಕೊಳ್ಳಬೇಡಿ. ದಕ್ಷಿಣದ ಕಾಲೇಜು ಲಿಖಿತವಾಗಿ ಜಾಗ, ಹಣ, ಇಂಜಿನಿಯರಿಂಗ್ ಓದುವ ಅನುಕೂಲ ಮೂರನ್ನೂ ಕೊಡುವವರೆಗೆ ಅದು ಪಟ್ಟಿಯ ಕೊನೆಯಲ್ಲಿರಲಿ. ಆ ಡಿವಿಷನ್ 3 ಕಾಲೇಜಿನಲ್ಲಿ ಇಂಜಿನಿಯರಿಂಗ್ ಇದ್ದು, ಖರ್ಚು ಕೈಗೆಟುಕಿದರೆ ಅದೇ ಮೊದಲ ಆಯ್ಕೆ. ನಿಮ್ಮ ರಾಜ್ಯದ ವಿಶ್ವವಿದ್ಯಾಲಯವೂ ಒಳ್ಳೆಯ ದಾರಿಯೇ. ಅನೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ಬೇಸ್‌ಬಾಲ್ ಇದೆ, ಅಲ್ಲಿಗೆ ಹೋದರೆ ಆಟ ಬಿಟ್ಟಂತಲ್ಲ ಎಂದು ಮಗನಿಗೆ ತಿಳಿಸಿ.

ಕೊನೆಯದಾಗಿ, ತಂಗಿ, ಆ ಸಣ್ಣ ಕಾಲೇಜು ನೋಡಲು ಅಪ್ಪ ಮಗ ಇಬ್ಬರೇ ಕಾರಿನಲ್ಲಿ ಹೋಗಿ ಬರಲಿ. ನೀವು ಮನೆಯಲ್ಲೇ ಇರಿ. ಅಪ್ಪ ಇಂಜಿನಿಯರಿಂಗ್ ಲ್ಯಾಬ್ ನೋಡಲಿ, ಮಗ ಮೈದಾನ ನೋಡಲಿ. ಹೋಗಿ ಬರುವ ಆ ದಾರಿಯಲ್ಲಿ ಇಬ್ಬರೂ ಮಾತಾಡಲೇಬೇಕಾಗುತ್ತದೆ.