ಒಲೆಯ ಬೂದಿಯೊಳಗಣ ಚರಿತ್ರೆ

ಬರೆಹವನ್ನರಿಯದ ಕಾಲದ ಜನರು ಏನನ್ನು ಬೆಳೆದು ಉಂಡರೆಂಬುದನ್ನು ನಾವು ತಿಳಿಯುವುದೆಂತು? ಒಲೆಯಲ್ಲಿ ಬಿದ್ದು ಇದ್ದಲಾದ ಕಾಳು ಮಣ್ಣಿನಲ್ಲಿ ಕೊಳೆಯದೆ ಸಹಸ್ರಾರು ವರ್ಷ ಉಳಿಯುವುದು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕಿಳಿದು, ಹಗುರವಾದ ಈ ಕಾಳುಗಳು ತೇಲುವುವು. ಅವನ್ನು ಸೋಸಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಈಗಿನ ಕಾಳುಗಳೊಡನೆ ಹೋಲಿಸಿ ಗುರುತಿಸುವರು.

ಬಳ್ಳಾರಿಯ ಸಮೀಪದ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ, ಸುಮಾರು 4,000 ವರ್ಷಗಳ ಹಿಂದಿನ ಹುರುಳಿ, ಹೆಸರು, ಕೊರಲೆಗಳು ಹೀಗೆಯೇ ದೊರೆತವು. ಅವನ್ನು ಬೀಸಿ ಬೇಯಿಸಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಒಲೆಯ ಬೂದಿಯೇ ಅವರ ಚರಿತ್ರೆ.

ಇಂದಿನ ಕಾಳನ್ನರಿತವರಿಗೆ ಮಾತ್ರವೇ ಅಂದಿನ ಕಾಳು ಮಾತನಾಡುವುದು. ಆದರೆ ಕೊರಲೆಯನ್ನು ಕಂಡರಿಯದ ಬಾಲಕಿಯರು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಆದುದರಿಂದ ತಾಯಂದಿರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮನೆಯ ಮಕ್ಕಳಿಗೆ ನಾಡಿನ ಒಂದೊಂದು ಕಾಳನ್ನೂ ತೋರಿಸಿ ಹೆಸರು ಕಲಿಸಬೇಕೆಂದು ಬೇಡುತ್ತೇವೆ.